ಕಳೆದುಹೋದ ಗುರುವಾರಗಳು

ಮೇ 3, ಭಾನುವಾರ

ಚೂಟಿ,

ಕ್ಷೇಮ ಸಮಾಚಾರ ಆಮೇಲೆ. ರಾಣಿಗಳೆಲ್ಲ ಸತ್ತುಹೋಗಿವೆ. ಒಂದನ್ನು ಬಿಟ್ಟು ಎಲ್ಲವೂ!

ಈಗತಾನೇ ಜೇನುಪೆಟ್ಟಿಗೆ ಮುಚ್ಚಿ ಬಂದು, ಕೈಗೆ ಅಂಟಿದ ಮೇಣವನ್ನೂ ತೊಳೆಯದೆ ಬರೆಯುತ್ತಿದ್ದೇನೆ. ಮುಚ್ಚಳ ಎತ್ತಿದ ಕೂಡಲೇ ಒಳಗಿನಿಂದ ಪೀಂ ಪೀಂ ಎಂದು ಕೇಳಿಸಿತು. ಆ ಸದ್ದು ಹೊರಬಂದ ರಾಣಿಯದು. ಚೌಕಟ್ಟು ಎತ್ತಿ ನೋಡಿದರೆ ಸಾಲಾಗಿ ತೂಗುವ ರಾಣಿಗೂಡುಗಳಲ್ಲಿ ಒಂದೇ ಒಂದು ತುದಿಯಲ್ಲಿ ದುಂಡಗೆ ತೆರೆದಿತ್ತು. ಉಳಿದವುಗಳ ಪಕ್ಕೆಯಲ್ಲೆಲ್ಲ ತೂತು. ಮೊದಲು ಹೊರಬಂದವಳು ಗೂಡಿಂದ ಗೂಡಿಗೆ ಹೋಗಿ, ಗೋಡೆ ಕೊರೆದು, ಕಣ್ಣೇ ಬಿಡದ ಅಕ್ಕತಂಗಿಯರನ್ನೆಲ್ಲ ಚುಚ್ಚಿ ಕೊಂದಿದ್ದಾಳೆ. ಹೀಗಾಗಬಾರದೆಂದೇ ಅಲ್ಲವೇ, ಮರಿಹುಳುಗಳನ್ನು ಮೇಣದ ಬಟ್ಟಲಿಗೆ ಎತ್ತಿಟ್ಟ ದಿನದಿಂದ ಎಣಿಸಿ, ರಾಣಿಗಳು ಹೊರಬರುವ ಮುಂಚಿನ ದಿನ ಒಂದೊಂದು ಗೂಡನ್ನೂ ಬೇರೆ ಬೇರೆ ಪೆಟ್ಟಿಗೆಗೆ ಸಾಗಿಸುವುದು. ಆ ಎಣಿಕೆಗೇ ಅಲ್ಲವೇ ನೀನು ಈ ವರ್ಷ ಫೋನಿನಲ್ಲಿ ಪ್ರೋಗ್ರಾಂ ಮಾಡಿಕೊಟ್ಟದ್ದು. ಎತ್ತಿಟ್ಟ ಕೂಡಲೇ ಒಂದು ಗುಂಡಿ ಒತ್ತಿದರೆ ಸಾಕು, ಉಳಿದ ದಿನಗಳನ್ನು ಅದೇ ಎಣಿಸುತ್ತದೆ.

ಫೋನು ಇವತ್ತೇ ಸಾಗಿಸಿ ಎಂದಿತು. ಇವತ್ತೇ ತೆರೆದೆ. ಒಂದು ದಿನ ತಡವಾಗಿತ್ತು.

ಇದು ನಿಮ್ಮಣ್ಣ ಎತ್ತಿಟ್ಟ ತಂಡ. ಶಾಲೆಯ ಬಸ್ಸು ಓಡಿಸಿ ಬಂದ ಮೇಲೆ ಸಂಜೆಯ ಹೊತ್ತು ಅವರು ಕೂರುತ್ತಾರಲ್ಲ, ಆಗ ಮಾಡಿದ್ದು. ಅವರನ್ನು ಕೇಳಿದರೆ, “ಬುಧವಾರ ಸಾಯಂಕಾಲ ಎತ್ತಿಟ್ಟೆ ಕಣೇ. ಕೂತಲ್ಲಿಂದ ಎದ್ದೇಳೋಕ್ಕೆ ಮುಂಚೆನೇ ಫೋನ್ ಒತ್ತಿದೆ” ಅಂದರು. ಫೋನಿನಲ್ಲಿ ನೋಡಿದರೆ ಗುರುವಾರ, ಏಪ್ರಿಲ್ ಇಪ್ಪತ್ತಮೂರು. ಮುಚ್ಚಳದ ಮೇಲೆ ಅವರು ಮೊದಲಿನಿಂದಲೂ ಸೀಮೆಸುಣ್ಣದಲ್ಲಿ ತಾರೀಖು ಬರೆಯುತ್ತಾರಲ್ಲ, ಅಲ್ಲೂ ಇಪ್ಪತ್ತಮೂರೇ ಇದೆ. ಅದನ್ನು ಕಂಡು ಅವರ ಮುಖ ಬಿಳಿಚಿಕೊಂಡಿತು. “ಕೈಬರಹ ನಂದೇ. ಬರೆದಿದ್ದು ಮಾತ್ರ ನೆನಪಿಲ್ವಲ್ಲೇ” ಅಂದರು.

ರಾಣಿ ಸುಳ್ಳು ಹೇಳುವುದಿಲ್ಲ. ಎತ್ತಿಟ್ಟದ್ದು ಬುಧವಾರವೇ ಸರಿ. ಒತ್ತುವುದನ್ನು ಮರೆತು ಮಾರನೆಯ ದಿನ ಒತ್ತಿರಬೇಕು. ಹಾಗೆ ಒತ್ತಿದ್ದನ್ನೂ ಮರೆತಿರಬೇಕು. ನಿನ್ನ ಪ್ರೋಗ್ರಾಂ ಏನಾದರೂ ಎಡವಿತೇ ಎಂದು ಕೇಳಿದರೆ ಮುನಿಸಿಕೊಳ್ಳಬೇಡ. ನಾನು ಬೆಳಗಿನ ಹೊತ್ತು ಎತ್ತಿಟ್ಟ ತಂಡಗಳೆಲ್ಲ ಅದು ಹೇಳಿದ ದಿನಕ್ಕೇ ಸರಿಯಾಗಿ ಬಂದಿವೆ.

ನಿನ್ನ ಅತ್ತಿಗೆ

*

ಮೇ 4, ಸೋಮವಾರ

ಪ್ರೀತಿಯ ಅತ್ತಿಗೆ,

ಸಣ್ಣವಳಿದ್ದಾಗ ಆ ಪೀಂ ಪೀಂ ಸದ್ದು ರಾಣಿಯ ಹಾಡು ಎಂದುಕೊಂಡಿದ್ದೆ. ಕೊಲೆಗೆ ಹೊರಟ ಕೂಗು ಅಂತ ಯಾರೂ ನನಗೆ ಹೇಳಿರಲಿಲ್ಲ!

ಮುನಿಸೇನಿಲ್ಲ. ನಿಮ್ಮ ಪತ್ರ ಬಂದ ಮೇಲೆ ಮತ್ತೆ ಪರೀಕ್ಷೆ ಮಾಡಿದೆ. ಇಲ್ಲಿ ಕೂತು ಹತ್ತು ಸಲ ಒತ್ತಿದೆ, ಹತ್ತು ಸಲವೂ ಇವತ್ತಿನ ತಾರೀಖನ್ನೇ ತೋರಿಸಿತು. ಅದು ಮಾಡುವುದು ಇಷ್ಟೇ: ಒತ್ತಿದ ಕ್ಷಣವನ್ನು ಹಿಡಿದಿಡುತ್ತದೆ, ಅದರ ಗಂಟೆ ನಿಮಿಷ ಕತ್ತರಿಸಿ ದಿನವನ್ನು ಉಳಿಸುತ್ತದೆ, ದಿನದಿಂದ ದಿನಕ್ಕೆ ಎಣಿಸುತ್ತದೆ. “ಗಂಟೆನೂ ತೋರ್ಸು” ಎಂದು ಅಣ್ಣ ಆಗಲೇ ಕೇಳಿದ್ದ. ಜೇನಿಗೆ ದಿನ ಸಾಕು, ಪರದೆ ಚೊಕ್ಕವಾಗಿರಲಿ ಎಂದು ನಾನೇ ಬೇಡ ಅಂದೆ. ಯಂತ್ರಕ್ಕೆ ಮರೆವು ಬರುವುದಿಲ್ಲ ಅತ್ತಿಗೆ.

ಇನ್ನೊಂದು ವಿಷಯ, ಬರೆಯಲೋ ಬೇಡವೋ ಎಂದು ಕೂತಿದ್ದೇನೆ. ಅಪ್ಪನಿಗೂ ತಾರೀಖಿನಿಂದಲೇ ಶುರುವಾಗಿತ್ತು. ಆಗ ನೀವಿನ್ನೂ ನಮ್ಮ ಮನೆಗೆ ಬಂದಿರಲಿಲ್ಲ. ಸೋಮವಾರವನ್ನು ಭಾನುವಾರ ಅನ್ನುತ್ತಿದ್ದರು, ನಾವು ನಗುತ್ತಿದ್ದೆವು. ಕೊನೆಗೆ ನನ್ನನ್ನೇ “ನೀವ್ಯಾರಮ್ಮ?” ಎಂದು ಕೇಳಿದರು.

ಅಣ್ಣನಿಗೆ ಇದನ್ನು ಓದಿ ಹೇಳಬೇಡಿ.

ಚೂಟಿ

*

ಮೇ 17, ಭಾನುವಾರ

ಚೂಟಿ,

ಮತ್ತೆ ಹಾಗೇ ಆಯಿತು. ಮತ್ತೆ ಅವರ ತಂಡವೇ!

ಈ ಸಲ ಎತ್ತಿಡುವಾಗ ನಾನು ಊರಲ್ಲಿರಲಿಲ್ಲ, ಗಿರಾಕಿಗಳಿಗೆ ರಾಣಿಗಳನ್ನು ತಲುಪಿಸಲು ಹೋಗಿದ್ದೆ. ಬಂದ ಮೇಲೆ ಕೇಳಿದೆ, “ಯಾವತ್ತು ಎತ್ತಿಟ್ರಿ?” ನಿಮ್ಮಣ್ಣ ನನ್ನ ಮುಖ ನೋಡದೆ ಅಂದರು: “ನನ್ನ ನೆನಪು ಬುಧವಾರ ಅನ್ನುತ್ತೆ. ಫೋನು ಗುರುವಾರ ಅನ್ನುತ್ತೆ. ಫೋನಿನ ಮಾತೇ ಇರ್ಲಿ.” ಮುಚ್ಚಳದ ಮೇಲೆ ಈಗ ಅವರು ಏನೂ ಬರೆಯುತ್ತಿಲ್ಲ. ತಮ್ಮ ಕೈಬರಹವನ್ನೇ ನಂಬದವರು ಯಾಕೆ ಬರೆಯುತ್ತಾರೆ ಹೇಳು. ಸರಿ, ಫೋನಿನ ಮಾತೇ ಇರಲಿ ಎಂದು ಇವತ್ತು ತೆರೆದೆವು. ಇಬ್ಬರೂ ಒಟ್ಟಿಗೇ ಬಗ್ಗಿ ನೋಡಿದೆವು. ಪಕ್ಕೆಯಲ್ಲಿ ತೂತು ಬಿದ್ದ ಗೂಡುಗಳು, ನಡುವೆ ಠೀವಿಯಿಂದ ಓಡಾಡುತ್ತಿದ್ದ ಒಬ್ಬಳು.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಹೊಗೆಡಬ್ಬಿ ಕೆಳಗಿಟ್ಟು ಅಂದರು, “ನನ್ನ ಗುರುವಾರಗಳು ಕಳೆದುಹೋಗ್ತಿವೆ ಕಣೇ. ಗುರುವಾರ ನಾನು ಎದ್ದು ಓಡಾಡ್ತೀನಿ, ಫೋನು ಒತ್ತುತ್ತೀನಿ, ತಾರೀಖು ಬರೀತೀನಿ. ಏನೂ ನೆನಪಿರಲ್ಲ.”

ಅವರು ನಿಮ್ಮಪ್ಪನ ಹೆಸರೆತ್ತಲಿಲ್ಲ, ನಾನೂ ಎತ್ತಲಿಲ್ಲ. ಊಟಕ್ಕೆ ಕೂತಾಗ ಅವರು ತುತ್ತು ಎತ್ತುವುದನ್ನೇ ನಾನು ನೋಡುತ್ತಿದ್ದೆನಂತೆ. “ಇನ್ನೂ ಬಾಯಿ ಎಲ್ಲಿದೆ ಅಂತ ಗೊತ್ತಿದೆ” ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅತ್ತಿಗೆ

*

ಮೇ 18, ಸೋಮವಾರ

ಅತ್ತಿಗೆ,

ಇನ್ನು ಸಂಕೋಚಪಟ್ಟು ಪ್ರಯೋಜನವಿಲ್ಲ. ನರರೋಗದ ವೈದ್ಯರನ್ನು ಕಾಣಲು ದಿನ ಗೊತ್ತುಮಾಡಿ. ಅಪ್ಪನ ವಿಷಯದಲ್ಲಿ ನಾವು ವರ್ಷಗಟ್ಟಲೆ ನಕ್ಕು ಕಾಲ ಕಳೆದೆವು. ಈ ಸಲ ಹಾಗಾಗಬಾರದು.

ಬಸ್ಸಿನ ವಿಷಯ ನೀವು ಬರೆದಿಲ್ಲ. ಆದರೆ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿದೆ. ನಿಮ್ಮಲ್ಲಿ ಶಾಲೆಗೆ ಇನ್ನೂ ರಜೆ ಬಂದಿಲ್ಲ, ಬಸ್ಸಿನ ತುಂಬ ಮಕ್ಕಳು. ಪರೀಕ್ಷೆಯಾಗುವವರೆಗಾದರೂ ಅಣ್ಣ ಓಡಿಸದಿದ್ದರೆ ಒಳ್ಳೆಯದು. ಹೇಗೆ ಹೇಳುವುದೋ ನೀವೇ ನೋಡಿ. ನಾನು ಹೇಳಿದೆ ಅನ್ನಬೇಡಿ. ಚಿಕ್ಕವಳಿದ್ದಾಗ ಸೈಕಲ್ಲಿನ ಮುಂದೆ ಕೂರಿಸಿಕೊಂಡು ನನ್ನನ್ನು ಊರೆಲ್ಲ ಸುತ್ತಿಸಿದವನು. ಅವನಿಗೆ ಗಾಡಿ ಬಿಡು ಎಂದು ನಾನು ಯಾವ ಬಾಯಲ್ಲಿ ಹೇಳಲಿ?

ಚೂಟಿ

*

ಮೇ 26, ಮಂಗಳವಾರ

ಚೂಟಿ,

ನಾನು ಹೇಳಬೇಕಾಗಿಯೇ ಬರಲಿಲ್ಲ. ಇವತ್ತು ಮಧ್ಯಾಹ್ನ ನಿಮ್ಮಣ್ಣ ಶಾಲೆಯ ಕಚೇರಿಯ ಮೇಜಿನ ಮೇಲೆ ಬಸ್ಸಿನ ಕೀಲಿ ಇಟ್ಟು ನಡೆದುಕೊಂಡೇ ಮನೆಗೆ ಬಂದಿದ್ದಾರೆ! ಅಷ್ಟು ದೂರ, ಬಿಸಿಲಲ್ಲಿ. ಬಾಗಿಲು ತೆರೆದು ನೋಡಿದರೆ ಅಂಗಿಯೆಲ್ಲ ಒದ್ದೆ. ಏನಾಯಿತೆಂದು ನಾನು ಕಿರುಚಿದೆ.

“ಎಷ್ಟು ಗುರುವಾರ ಆ ಮಕ್ಕಳನ್ನ ಕೂರಿಸಿಕೊಂಡು ಹೋಗಿದ್ದೀನೋ, ಏನೂ ನೆನಪಿಲ್ದೆ” ಅಂದರು. ಅಷ್ಟೇ ಮಾತು.

ಈಗ ಹಿತ್ತಲ ಕಡೆಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಇನ್ನೂ ಬೆಳಕಿದೆ. ಈ ಹೊತ್ತಿಗೆ ಮಲಗುವ ಮನುಷ್ಯ ಅಲ್ಲ ಅವರು. ವೈದ್ಯರು ಜೂನ್ ಐದಕ್ಕೆ ಬರಲು ಹೇಳಿದ್ದಾರೆ. ಅಲ್ಲಿಯವರೆಗೆ ನಾನು ಈ ಮನೆಯಲ್ಲಿ ಹೇಗೆ ಉಸಿರಾಡಲಿ?

ಅತ್ತಿಗೆ

*

ಮೇ 27, ಬುಧವಾರ

ಅತ್ತಿಗೆ,

ಕಣ್ಣು ಬಿಡುತ್ತಲೇ ನಿಮ್ಮ ಪತ್ರ ನೋಡಿದೆ. ಕೂತಲ್ಲೇ ಕೂತಿದ್ದೇನೆ. ಅವನ ಪಕ್ಕ ಹೋಗಿ ಸುಮ್ಮನೆ ಕೂತಿರಿ. ಏನೂ ಕೇಳಬೇಡಿ.

ಚೂಟಿ

*

ಮೇ 26, ಮಂಗಳವಾರ

ಚೂಟಿ,

ಹೋಗಿ ಕೂತೆ. ಅವರು ಸ್ವಲ್ಪ ಜರುಗಿ ಜಾಗ ಬಿಟ್ಟರು. ಅಷ್ಟಕ್ಕೇ ನನಗೆ ಅಳು ಬಂತು.

ಆದರೆ ನಿನ್ನ ಪತ್ರ ನೋಡಿ ಅಂಥ ಹೊತ್ತಿನಲ್ಲೂ ನಗು ಬಂತು. ನಾನು ಬರೆದು ಅರ್ಧ ಗಂಟೆ ಆಗಿಲ್ಲ, ಉತ್ತರ ಬಂತು. ಅದರ ನೆತ್ತಿಯ ಮೇಲೆ ನಾಳೆಯ ತಾರೀಖು! ಬುಧವಾರವಂತೆ! ಇಲ್ಲಿ ಮಂಗಳವಾರದ ಪಾತ್ರೆ ಇನ್ನೂ ತೊಳೆದಾಗಿಲ್ಲ. ಏನಮ್ಮಾ, ನಿಮ್ಮ ವಂಶಕ್ಕೆಲ್ಲ ತಾರೀಖಿನ ಕಾಯಿಲೆಯೋ? ಅಣ್ಣನನ್ನು ಕರೆದುಕೊಂಡು ಹೋಗುವಾಗ ನಿನ್ನನ್ನೂ ಅದೇ ವೈದ್ಯರಿಗೆ ತೋರಿಸಿಬಿಡೋಣ.

ತಮಾಷೆಗೆ ಅಂದೆ. ಬೇಜಾರು ಮಾಡಿಕೊಳ್ಳಬೇಡ.

ಅತ್ತಿಗೆ

*

ಮೇ 27, ಬುಧವಾರ

ಅತ್ತಿಗೆ, ಅತ್ತಿಗೆ,

ಅಣ್ಣನಿಗೆ ಏನೂ ಆಗಿಲ್ಲ!

ಅವಸರದಲ್ಲಿ ಬರೆಯುತ್ತಿದ್ದೇನೆ, ತಪ್ಪು ಬಿದ್ದರೆ ಸರಿಮಾಡಿಕೊಂಡು ಓದಿ. ನಿಮ್ಮ ತಮಾಷೆ ಓದಿ ನಾನೂ ನಕ್ಕೆ. ನಕ್ಕು, ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಅಲ್ಲೇ ನಿಂತುಬಿಟ್ಟೆ. ನಿಮ್ಮ ಮಂಗಳವಾರ ಸಂಜೆ ನನಗೆ ಬುಧವಾರ ಬೆಳಗ್ಗೆ. ನೀವಿಬ್ಬರೂ ಪಶ್ಚಿಮದ ದೇಶಕ್ಕೆ ಹೋಗಿ ನೆಲೆಸಿದವರು, ನಮ್ಮ ಊರು ನಿಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಮುಂದೆ. ಹಾಗಾದರೆ ಅಣ್ಣನ ಬುಧವಾರ ಸಂಜೆ?

ಓಡಿಬಂದು ಪ್ರೋಗ್ರಾಂ ತೆರೆದೆ. ಅಣ್ಣ ಒತ್ತಿದ ಕ್ಷಣ ಅದರಲ್ಲಿ ಸರಿಯಾಗಿಯೇ ಉಳಿದಿದೆ. ಮೊದಲನೆಯ ಸಲ ಬುಧವಾರ ಸಂಜೆ. ಎರಡನೆಯ ಸಲವೂ ಬುಧವಾರ ಸಂಜೆ. ಎದ್ದೇಳುವ ಮುಂಚೆಯೇ ಒತ್ತಿದೆ ಅಂದನಲ್ಲ, ಹಾಗೇ ಒತ್ತಿದ್ದಾನೆ. ಆದರೆ ಆ ಕ್ಷಣದಿಂದ ಗಂಟೆ ನಿಮಿಷ ಕತ್ತರಿಸಿ ದಿನ ಮಾತ್ರ ಉಳಿಸು ಎಂದು ನಾನು ಬರೆದೆನಲ್ಲ, ಅಲ್ಲಿ ಯಾವ ಊರಿನ ದಿನ ಎಂದು ಹೇಳಲೇ ಇಲ್ಲ! ಸರ್ವರ್ ಇರುವುದು ಇಲ್ಲಿ. ಅದು ಇಲ್ಲಿಯ ಗಡಿಯಾರ ನೋಡಿ ಕತ್ತರಿಸಿದೆ. ಅಣ್ಣ ಅಲ್ಲಿ ಬುಧವಾರ ಸಂಜೆ ಒತ್ತಿದಾಗ ಇಲ್ಲಿ ಆಗಲೇ ಗುರುವಾರ ಹುಟ್ಟಿರುತ್ತದೆ. ನೀವು ಬೆಳಗ್ಗೆ ಒತ್ತಿದರೆ ಇಲ್ಲಿ ಅದೇ ದಿನದ ಸಂಜೆ. ಅದಕ್ಕೇ ನಿಮ್ಮ ತಂಡಗಳೆಲ್ಲ ಉಳಿದವು, ಅವನವು ಸತ್ತವು. ಅವನು ಕೇಳಿದಂತೆ ಗಂಟೆ ತೋರಿಸಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಪರದೆ ಚೊಕ್ಕವಾಗಿರಬೇಕಿತ್ತಲ್ಲ ನನಗೆ!

ಹತ್ತು ಸಲ ಪರೀಕ್ಷೆ ಮಾಡಿದೆ ಅಂದೆನಲ್ಲ. ಹತ್ತು ಸಲವೂ ಇದೇ ಕುರ್ಚಿಯಲ್ಲಿ, ಇದೇ ಗಡಿಯಾರದ ಕೆಳಗೆ. ಅಷ್ಟರ ಮೇಲೆ ಯಂತ್ರಕ್ಕೆ ಮರೆವು ಬರುವುದಿಲ್ಲ ಎಂದು ನಿಮಗೆ ಪಾಠ ಬೇರೆ ಹೇಳಿದೆ. ಅವನ ಕೈಯಿಂದ ಬಸ್ಸಿನ ಕೀಲಿ ಕಿತ್ತದ್ದು ನಾನು. ಈಗ ತಿದ್ದಿದ್ದೇನೆ. ಇನ್ನು ಪೆಟ್ಟಿಗೆ ಇರುವ ಊರಿನ ದಿನವೇ ಅದರ ದಿನ.

ಈಗಲೇ ಅವನನ್ನು ಎಬ್ಬಿಸಿ ಹೇಳಿ.

ಒಂದು ಮಾತ್ರ ನನಗೆ ಬಗೆಹರಿಯುತ್ತಿಲ್ಲ. ಫೋನಿನ ತಪ್ಪು ನನ್ನದು. ಸೀಮೆಸುಣ್ಣಕ್ಕೆ ಸರ್ವರ್ ಇಲ್ಲವಲ್ಲ ಅತ್ತಿಗೆ. ಮುಚ್ಚಳದ ಮೇಲೆ ಇಪ್ಪತ್ತಮೂರು ಹೇಗೆ ಬಂತು?

ಚೂಟಿ

*

ಮೇ 30, ಶನಿವಾರ

ಅತ್ತಿಗೆ,

ನನ್ನ ಪತ್ರ ತಲುಪಿಲ್ಲವೇ? ಫೋನ್ ಮಾಡಿದರೆ ಎತ್ತುತ್ತಿಲ್ಲ. ಅಣ್ಣನಿಗೆ ಹೇಳಿದಿರಾ? ಏನಂದ? ನನ್ನ ಮೇಲೆ ಸಿಟ್ಟಾದರೆ ಬೈಯಲಿ, ಬೈಗುಳವನ್ನಾದರೂ ಬರೆದು ಕಳಿಸಿ. ಹೀಗೆ ಸುಮ್ಮನಿರಬೇಡಿ.

ಚೂಟಿ

*

ಜೂನ್ 1, ಸೋಮವಾರ

ಚೂಟಿ,

ಹೇಳಿದೆ. ನಿನ್ನ ಪತ್ರವನ್ನು ಎರಡು ಸಲ ಓದಿಸಿಕೊಂಡರು. ಮೊದಲು ಬಿದ್ದು ಬಿದ್ದು ನಕ್ಕರು. “ಅಯ್ಯೋ ನಮ್ಮ ಚೂಟಿ! ನಂಗೆ ಒಂದು ದಿನ ಮುಂಗಡ ಕೊಟ್ಟಿದ್ದಾಳೆ” ಅಂದರು. ಎಷ್ಟೋ ದಿನವಾಗಿತ್ತು ಆ ನಗು ಕೇಳಿ. ಆಮೇಲೆ ತಟ್ಟನೆ ನಿಲ್ಲಿಸಿ, ನೀನು ಕೇಳಿದ್ದನ್ನೇ ಕೇಳಿದರು. “ಫೋನಿನ ವಿಷ್ಯ ಸರಿ ಹೋಯ್ತು. ಸೀಮೆಸುಣ್ಣದ್ದು? ಅದು ನನ್ನ ಕೈಯಲ್ವಾ? ಅರ್ಧ ಕಾಯಿಲೆ ಇನ್ನೂ ಉಳೀತಲ್ಲೇ.” ಎದ್ದು ಒಳಗೆ ಹೋದರು. ವೈದ್ಯರ ಬಳಿಗೆ ಹೋಗುವುದು ಹೋಗುವುದೇ ಅಂದರು.

ಆ ಕೈ ಅವರದಲ್ಲ, ನನ್ನದು.

ಅವರು ಬರೆದದ್ದು ಇಪ್ಪತ್ತೆರಡು. ಫೋನಿನಲ್ಲಿ ಇಪ್ಪತ್ತಮೂರು ಕಂಡೆ. ಪಾಪ, ದಣಿದು ಬಂದು ಬರೆದಿದ್ದಾರೆ, ತಪ್ಪಾಗಿದೆ ಎಂದುಕೊಂಡೆ. ತೋರಿಸಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಅದಕ್ಕೆ ಕಡೆಯ ಅಂಕಿಯನ್ನು ಸೆರಗಿನಿಂದ ಒರೆಸಿ, ಅವರು ಬರೆಯುವ ಹಾಗೇ ಬಾಲ ಎಳೆದು ಮೂರು ಬರೆದೆ. ಅವರ ಮರ್ಯಾದೆ ಉಳಿಸಿದೆ ಎಂದು ಒಳಗೊಳಗೇ ಹಿಗ್ಗಿದೆ ಕೂಡ! ಸತ್ತ ಗೂಡುಗಳನ್ನು ನೋಡಿದ ಕ್ಷಣವೇ ಗೊತ್ತಾಯಿತು, ನಾನು ಒರೆಸಿದ್ದು ಸರಿಯಾದ ತಾರೀಖು. ಹೇಳೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು “ಬರೆದಿದ್ದು ನೆನಪಿಲ್ವಲ್ಲೇ” ಅಂದುಬಿಟ್ಟರು. ನಾಳೆ ಹೇಳೋಣ ಅಂದುಕೊಂಡೆ. ಮಾರನೆಯ ದಿನ ನಿನ್ನ ಪತ್ರ ಬಂತು, ನಿಮ್ಮಪ್ಪನ ವಿಷಯ. ಓಹೋ, ಕಾಯಿಲೆ ಹೇಗೂ ಇದೆ, ಸೀಮೆಸುಣ್ಣ ಒಂದು ನೆಪ ಅಷ್ಟೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಎರಡನೆಯ ಪೆಟ್ಟಿಗೆಯೂ ಹಾಗೇ ಆದಾಗ, ಹೇಳಲು ನಾಚಿಕೆಯಾಗುತ್ತದೆ, ನನಗೆ ಒಂದಿಷ್ಟು ನೆಮ್ಮದಿಯೇ ಆಯಿತು. ತಪ್ಪು ನನ್ನದಲ್ಲ ಅಂತ.

ನನ್ನ ಗಂಡನಿಗೆ ಹುಚ್ಚು ಹಿಡಿಯುತ್ತಿದೆ ಎಂದು ನನಗೆ ನೆಮ್ಮದಿಯಾಯಿತು ಚೂಟಿ! ಇದನ್ನು ಓದಿದ ಮೇಲೆ ನೀನು ನನ್ನನ್ನು ಅತ್ತಿಗೆ ಅನ್ನುತ್ತೀಯೋ ಇಲ್ಲವೋ ಗೊತ್ತಿಲ್ಲ.

ನಿನ್ನ ತಪ್ಪನ್ನು ಹೇಳುವಾಗ ನನ್ನ ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು. ನನ್ನದು ಗಂಟಲಲ್ಲೇ ಕೂತಿದೆ.

*

ಜೂನ್ 2, ಮಂಗಳವಾರ

ಅತ್ತಿಗೆ,

ಅತ್ತಿಗೆ ಅಂತಲೇ ಅನ್ನುತ್ತೇನೆ. ಓದಿ ಮೊದಲು ನಿಮ್ಮ ಮೇಲೆ ಉರಿದುಬಿದ್ದೆ. ಆಮೇಲೆ ನೆನಪಾಯಿತು, ಹೇಗೂ ಕಾಯಿಲೆ ಎಂದು ನಿಮ್ಮ ಕೈಗೆ ನೆಪ ಬರೆದು ಕಳಿಸಿದವಳು ನಾನೇ. ನಾವಿಬ್ಬರೂ ಸೇರಿ ಅವನನ್ನು ರೋಗಿ ಮಾಡಿದೆವು. ನಾನು ದೂರದಿಂದ, ನೀವು ಪಕ್ಕದಲ್ಲೇ ಕೂತು.

ನನ್ನ ಅರ್ಧವನ್ನು ನಾನು ತಿದ್ದಿದೆ. ಉಳಿದರ್ಧಕ್ಕೆ ಪ್ರೋಗ್ರಾಂ ಇಲ್ಲ, ವೈದ್ಯರೂ ಇಲ್ಲ. ಅದು ಇರುವುದು ನಿಮ್ಮ ಬಾಯಲ್ಲಿ. ನೀವು ಹೇಳದಿದ್ದರೆ ಅವನು ಇನ್ನು ಬದುಕಿರುವಷ್ಟು ದಿನವೂ ತನ್ನ ಕೈಬರಹಕ್ಕೇ ಹೆದರುತ್ತಾನೆ. ಇವತ್ತೇ ಹೇಳಿ. ನಿಮ್ಮ ಇವತ್ತು.

ಚೂಟಿ

*

ಜೂನ್ 4, ಗುರುವಾರ

ಚೂಟಿ,

ನಾನು ನಿಮ್ಮಣ್ಣ. ನೀವಿಬ್ಬರೂ ಇಷ್ಟು ದಿನ ನನ್ನ ಬಗ್ಗೆ ಬರೆದಾಡಿಕೊಂಡದ್ದನ್ನೆಲ್ಲ ನಿನ್ನ ಅತ್ತಿಗೆ ತಾನಾಗಿಯೇ ನನ್ನ ಮುಂದಿಟ್ಟಳು. ಒಂದೂ ಬಿಡದೆ ಓದಿದೆ. ಇವತ್ತು ಗುರುವಾರ, ಇಲ್ಲಿ ಬೆಳಗಿನ ಬಿಸಿಲು ಮೇಜಿನ ಮೇಲೆ ಬಿದ್ದಿದೆ. ಎಲ್ಲ ನೆನಪಿಟ್ಟುಕೊಳ್ಳುತ್ತಿದ್ದೇನೆ.

ಅವಳು ನಿನ್ನೆ ಹೇಳಿದಳು. ಅಂಗಳದಲ್ಲಿ ನಿಂತು, ಪೆಟ್ಟಿಗೆಗಳಿಗೆ ಹೇಳುವವಳ ಹಾಗೆ ಆ ಕಡೆ ತಿರುಗಿ ಹೇಳಿದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈಗಲೂ ಇದೆ. ನಿನ್ನ ಮೇಲೂ ಇದೆ. ಆದರೆ ಎಂಥ ಒಳ್ಳೆಯ ಸಿಟ್ಟು ಅಂತೀಯ! ಯಾರ ಮೇಲೆ, ಯಾಕೆ, ಯಾವಾಗಿಂದ, ಎಲ್ಲವೂ ನನಗೆ ಸ್ಪಷ್ಟವಾಗಿ ನೆನಪಿದೆ.

ನನಗೆ ನೋವಾದದ್ದು ಒಂದಕ್ಕೆ. ಮೊದಲ ದಿನವೇ ನಾನು ಬುಧವಾರ ಅಂದೆ. ಸತ್ತ ರಾಣಿಗಳೂ ಬುಧವಾರ ಅಂದವು. ಫೋನು ಒಂದೇ ಗುರುವಾರ ಅಂದದ್ದು. ನೀವಿಬ್ಬರೂ ಫೋನಿಗೆ ವೈದ್ಯರನ್ನು ಹುಡುಕಲಿಲ್ಲ, ನನಗೆ ಹುಡುಕಿದಿರಿ. ಇರಲಿ. ಕಡೆಗೆ ನಾನೂ ಫೋನಿನ ಮಾತನ್ನೇ ಕೇಳಿದೆನಲ್ಲ.

ನಾಳೆ ವೈದ್ಯರ ಹತ್ತಿರ ಹೋಗುವುದಿಲ್ಲ. ಶಾಲೆಗೆ ಹೋಗಿ ಕೀಲಿ ಕೇಳಿದೆ. ಬೇರೆಯವರನ್ನು ಹಾಕಿದ್ದಾರಂತೆ, ನೋಡೋಣ ಅಂದರು. ಕೊಟ್ಟರೆ ಓಡಿಸುತ್ತೇನೆ. ನಿನ್ನೆ ಸಂಜೆ ಮತ್ತೆ ಹುಳು ಎತ್ತಿಟ್ಟೆ, ಮುಚ್ಚಳದ ಮೇಲೆ ತಾರೀಖು ಬರೆದೆ, ಫೋನೂ ಒತ್ತಿದೆ. ಬೆಳಗ್ಗೆ ಎದ್ದು ನೋಡಿದರೆ ಎರಡೂ ಒಂದೇ ಹೇಳುತ್ತಿವೆ. ಕೆಳಗೆ ಗಂಟೆಯೂ ಕಾಣಿಸುತ್ತಿದೆ. ಉಪಕಾರವಾಯಿತು.

ಒಂದು ಸಂಗತಿ ನಿಮ್ಮಿಬ್ಬರಿಗೂ ಗೊತ್ತಿಲ್ಲ. ಕೀಲಿ ಕೊಟ್ಟು ಬಂದ ದಿನವೇ, ಹಿತ್ತಲ ಕೋಣೆಯ ಬೀರು ಇದೆಯಲ್ಲ, ಅದರ ಬಾಗಿಲಿನ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೆ. ಅಪ್ಪನ ಹಾಗೆ ಆಗಿಬಿಟ್ಟರೆ ಬಟ್ಟೆ ತೆಗೆಯುವಾಗಲಾದರೂ ಕಣ್ಣಿಗೆ ಬೀಳಲಿ ಎಂದು. ‘ಈ ಮನೆಯಲ್ಲಿರುವವಳು ನಿನ್ನ ಹೆಂಡತಿ. ಅವಳಿಗೆ ತಾರೀಖು ತಪ್ಪುವುದಿಲ್ಲ, ಅವಳು ಹೇಳಿದ್ದನ್ನು ನಂಬು. ದೂರದಲ್ಲಿ ಒಬ್ಬಳು ತಂಗಿ ಇದ್ದಾಳೆ, ಚೂಟಿ. ಫೋನ್ ಮಾಡಿದರೆ ಯಾರು ಎಂದು ಕೇಳಬೇಡ, ಅಳುತ್ತಾಳೆ.’

ಈಗ ಅದರ ಅಗತ್ಯವಿಲ್ಲವಲ್ಲ. “ಒರೆಸಿಬಿಡು, ಒರೆಸೋದ್ರಲ್ಲಿ ನಿನ್ನ ಕೈ ಚುರುಕು” ಎಂದು ನಿನ್ನ ಅತ್ತಿಗೆಯನ್ನು ಕರೆದು ತೋರಿಸಿದೆ.

ಒದ್ದೆ ಬಟ್ಟೆ ಹಿಡಿದು ಬೀರುವಿನ ಮುಂದೆ ನಿಂತಿದ್ದಾಳೆ. ನಾನು ಈ ಪತ್ರ ಶುರುಮಾಡುವ ಮುಂಚಿನಿಂದಲೂ ನಿಂತಿದ್ದಾಳೆ. ಕೈ ಮೇಲೇಳುತ್ತಿಲ್ಲ.

ನಿನ್ನ ಅಣ್ಣ